ಬೆಳ್ಳಕ್ಕಿಗೆ ಇಬ್ಬರು ಸಾಕ್ಷಿ

ಹವ್ಯಾಸದ ಕಾಲಂ

ಇಂಗ್ಲೆಂಡಿಗೆ ಹೋಗಿ ಬಂದವರು ರಾಣಿಯ ಅರಮನೆ, ದೊಡ್ಡ ಗಡಿಯಾರ, ಮ್ಯೂಸಿಯಂ ಎಂದು ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೆಟ್ಟಗೆ ನೋಡಲಿಲ್ಲ. ಐದು ವಾರ ಒಂದು ಜೌಗಿನ ಮುಂದೆ ಮರದ ಹಲಗೆಯ ಮೇಲೆ ಕೂತು ಬಂದೆ. ಇದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ, ಒಂದು ಅರ್ಜಿ ಫಾರಂ ತುಂಬುವಾಗ ನಾನೇ ಮಾಡಿಕೊಂಡ ಎಡವಟ್ಟು.

ಎಂಬತ್ತರ ದಶಕದ ಮೊದಲ ವರ್ಷಗಳವು. ಒಂದು ದೇಶದ ರೈತರನ್ನು ಇನ್ನೊಂದು ದೇಶದವರ ಮನೆಯಲ್ಲಿ ಇಳಿಸಿ, ಇಬ್ಬರೂ ಪರಸ್ಪರ ಉದ್ಧಾರವಾಗಲಿ ಎನ್ನುವ ಏರ್ಪಾಡೊಂದಿತ್ತು. ನಮ್ಮ ಕಡೆಯಿಂದ ನಾಲ್ವರ ಆಯ್ಕೆಯಾಗಿತ್ತು. ಅವರಲ್ಲಿ ಹುಳಿಯಾರಿನ ಸಾಹುಕಾರರೊಬ್ಬರು, ವಿಮಾನದಲ್ಲಿ ಯಾವ ಪಾತ್ರೆಯಲ್ಲಿ ಏನು ಬೇಯಿಸುತ್ತಾರೋ ಎಂಬ ಅನುಮಾನದಿಂದ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಆ ಜಾಗಕ್ಕೆ ನನ್ನನ್ನು ತುರುಕಿದರು. ನನ್ನ ಅರ್ಹತೆಯೆಂದರೆ ತುರುವೇಕೆರೆ ರಸ್ತೆಯಲ್ಲಿ ಒಂದು ತೆಂಗಿನ ತೋಟ, ಎರಡು ಎಮ್ಮೆ, ತಿಪಟೂರಿನ ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷ್.

ಫಾರಂ ತುಂಬಿದ್ದು ತಿಪಟೂರಿನಲ್ಲಿ, ಗೆಳೆಯ ಚನ್ನಬಸಣ್ಣನ ಕೊಬ್ಬರಿ ಮಂಡಿಯ ಗದ್ದುಗೆಯ ಮೇಲೆ. ಹೆಸರು, ವಯಸ್ಸು, ಬೆಳೆ ಎಲ್ಲ ಸಲೀಸಾಗಿ ಆಯಿತು. ಕೊನೆಗೆ ಹವ್ಯಾಸ ಎಂಬ ಕಾಲಂ ಬಂತು. ನಮ್ಮ ಕಡೆ ಕೆಲಸ ಇರುತ್ತದೆ, ಕೆಲಸ ಇಲ್ಲದಾಗ ನಿದ್ದೆ ಇರುತ್ತದೆ. ಹವ್ಯಾಸವೆಂಬ ಮೂರನೆಯದೊಂದು ನನಗಿದ್ದ ನೆನಪಿಲ್ಲ.

"ಖಾಲಿ ಬುಡಬ್ಯಾಡ ಕಣ್ಲಾ ಮಾಲಿಂಗ. ಖಾಲಿ ಬುಟ್ರೆ ಪೆದ್ದ ಅನ್ಕೊತಾರೆ. ಏನಾರ ಒಂದು ಬರಿ," ಅಂದ ಚನ್ನಬಸಣ್ಣ.

ಆಗ ಮಂಡಿಯ ಬಾಗಿಲಲ್ಲಿ ಗುಬ್ಬಚ್ಚಿಯೊಂದು ಕೊಬ್ಬರಿ ಚೂರು ಹೆಕ್ಕುತ್ತಿತ್ತು. "ಹಕ್ಕಿಗಳು" ಎಂದು ಬರೆದು ರುಜು ಹಾಕಿದೆ.

ನನ್ನ ಜೊತೆಯ ಮೂವರಲ್ಲಿ ಒಬ್ಬರಿಗೆ ಡೈರಿಯವರ ಮನೆ ಸಿಕ್ಕಿತು, ಇನ್ನೊಬ್ಬರಿಗೆ ಸೇಬಿನ ತೋಟದವರದ್ದು, ಮತ್ತೊಬ್ಬರಿಗೆ ಟ್ರಾಕ್ಟರ್ ಮಾರುವವನ ಮನೆ. ನನಗೆ ಸಿಕ್ಕಿದ್ದು ವಾಲ್ಟರ್.

ಸಿಗ್ನಲ್ ಮನೆ

ಇಂಗ್ಲೆಂಡಿನ ಪೂರ್ವ ತೀರದ ಸಣ್ಣ ಹಳ್ಳಿ. ವಾಲ್ಟರ್ ನಿವೃತ್ತ ರೈಲ್ವೆ ಸಿಗ್ನಲ್‌ಮನ್; ಒಣಗಿದ ಸೀಗೆಕಾಯಿಯಂಥ ಮೈಕಟ್ಟು, ಎಪ್ಪತ್ತರ ಹತ್ತಿರದ ವಯಸ್ಸು. ಜೀವಮಾನವೆಲ್ಲ ಯಾವ ಗಾಡಿ ಎಷ್ಟು ಗಂಟೆಗೆ ಹಾದುಹೋಯಿತು ಎಂದು ಬರೆದುಬರೆದು ಆ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ಗಾಡಿಗಳು ನಿಂತ ಮೇಲೆ ಹಕ್ಕಿಗಳನ್ನು ಬರೆಯುತ್ತಿದ್ದರು. ನಾನು ಹೊಸ್ತಿಲು ದಾಟಿದ ಸಮಯವನ್ನೂ ಬರೆದುಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಅವರ ಹೆಂಡತಿ ಐರಿಸ್ ದುಂಡಗಿನ, ನಗುಮುಖದ ಹೆಂಗಸು. ಇಬ್ಬರೂ ನನ್ನ ಮಹಲಿಂಗಪ್ಪ ಎಂಬ ಹೆಸರಿನ ಅರ್ಧಕ್ಕೇ ದಣಿದು "ಮಿಸ್ಟರ್ ಮಹಾ" ಎಂದು ಕರೆದರು. ಅವರು ಆಡಿದ್ದೆಲ್ಲ ಇಂಗ್ಲಿಷ್. ಇಲ್ಲಿ ನಾನು ನಮ್ಮ ಮಾತಿಗೆ ಇಳಿಸಿಕೊಂಡಿದ್ದೇನೆ.

ಅವರ ವಸಂತದ ಬಗ್ಗೆ ಒಂದು ಮಾತು. ನಮ್ಮಲ್ಲಿ ಯುಗಾದಿ ಕಳೆದರೆ ಜನ ಅಂಗಿ ಬಿಚ್ಚಿ ಜಗುಲಿಯ ಮೇಲೆ ಬೀಳುತ್ತಾರೆ. ಅಲ್ಲಿ ವಸಂತವೆಂದರೆ ಎರಡು ಸ್ವೆಟರು, ಅದರ ಮೇಲೆ ಕೋಟು, ಅದರ ಮೇಲೆ ಜಿಟಿಜಿಟಿ ಮಳೆ. ಇಷ್ಟೆಲ್ಲ ಆದರೂ ಎದುರಿಗೆ ಸಿಕ್ಕಿದವರೆಲ್ಲ "ಎಂಥ ಸೊಗಸಾದ ದಿನ" ಎನ್ನುತ್ತಿದ್ದರು. ನಾನು ಹಲ್ಲು ಕಟಕಟಿಸುತ್ತ ಹೌದು ಹೌದು ಎನ್ನುತ್ತಿದ್ದೆ. ಹೌದೆನ್ನುವುದು ನನಗೆ ಮೊದಲಿನಿಂದಲೂ ಸುಲಭ.

ಕಾಣಿಕೆಯೆಂದು ನಮ್ಮ ಅಟ್ಟದಿಂದ ಇಳಿಸಿ, ಸಿಪ್ಪೆ ಸುಲಿದು ಒಯ್ದ ಕಾಯಿಯೊಂದನ್ನು ಕೊಟ್ಟೆ. ವರ್ಷವೊಪ್ಪತ್ತು ಅಟ್ಟದ ಮೇಲೆ ಒಣಗಿದ ಕಾಯಿ. ಒಳಗೆ ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ ನಿಂತಿರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿ, "ಒಳ್ಳೆ ಕೊಬ್ಬರಿ, ಒಂದು ಚೂರೂ ಕೆಟ್ಟಿಲ್ಲ," ಅಂದೆ.

"ಒಡೆಯದೆ ಹೇಗೆ ಗೊತ್ತಾಯಿತು?" ಎಂದರು ವಾಲ್ಟರ್.

"ನಮ್ಮೂರಲ್ಲಿ ಯಾರೂ ಒಡೆದು ನೋಡುವುದಿಲ್ಲ. ಸದ್ದು ಕೇಳಿದರೆ ಸಾಕು."

ವಾಲ್ಟರ್ ಎದ್ದು ಹೋಗಿ ಸುತ್ತಿಗೆ ತಂದು, ಪತ್ರಿಕೆ ಹಾಸಿ, ಕಾಯಿ ಒಡೆದರು. ಕೊಬ್ಬರಿ ಚೆನ್ನಾಗಿಯೇ ಇತ್ತು. "ಈಗ ಗೊತ್ತಾಯಿತು," ಎಂದರು. ನನಗೆ ಸ್ವಲ್ಪ ಅವಮಾನವಾದಂತೆನಿಸಿತು. ಚನ್ನಬಸಣ್ಣ ದಿನಕ್ಕೆ ಸಾವಿರ ಕಾಯಿ ಕಿವಿಯಲ್ಲೇ ಪರೀಕ್ಷೆ ಮಾಡುತ್ತಾನೆ. ಅವನ ಮುಂದೆ ಸುತ್ತಿಗೆ ತಂದಿದ್ದರೆ ಮಂಡಿಯಿಂದ ಹೊರಗೆ ಹಾಕುತ್ತಿದ್ದ.

ಕಪ್ಪೆ ದಾಟಿಸುವ ರಸ್ತೆ

ನಾಲ್ಕನೆಯ ದಿನ ಮುಸ್ಸಂಜೆಗೆ ಐರಿಸ್ ನನ್ನ ಕೈಗೊಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟು, ಹೊಳೆಯುವ ಪಟ್ಟಿಯಿದ್ದ ಜಾಕೀಟು ಹಾಕಿಸಿ, ರಸ್ತೆಗೆ ಕರೆದುಕೊಂಡು ಹೋದರು. ವಸಂತದಲ್ಲಿ ನೆಲಗಪ್ಪೆಗಳು ಕಾಡಿನಿಂದ ಕೊಳಕ್ಕೆ ಮೊಟ್ಟೆಯಿಡಲು ಹೊರಡುತ್ತವಂತೆ. ನಡುವೆ ರಸ್ತೆ ಇದೆ. ಕಾರುಗಳಿಗೆ ಸಿಕ್ಕಿ ಸಾಯಬಾರದೆಂದು ಊರಿನವರು ಅವನ್ನು ಹಿಡಿದು ಬಕೆಟ್‌ನಲ್ಲಿ ಹಾಕಿ ಆಚೆ ಬಿಡುತ್ತಾರೆ. ನಮ್ಮಲ್ಲಿ ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡುತ್ತೇವೆ, ಅಷ್ಟರ ಮಟ್ಟಿಗೆ ನಮಗೂ ಕಪ್ಪೆಯ ಬಗ್ಗೆ ಗೌರವ ಉಂಟು. ಆದರೆ ಮದುವೆ ಮುಗಿದ ಮೇಲೆ ಅದು ರಸ್ತೆ ದಾಟಿತೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ.

ನಾನು ಬೆರಳ ತುದಿಯಲ್ಲಿ ಹಿಡಿದ ಮೊದಲ ಕಪ್ಪೆ ನನ್ನ ಕೋಟಿನ ಮೇಲೆ ಉಚ್ಚೆ ಹೊಯ್ದಿತು. ಐರಿಸ್ ನಕ್ಕು ಕರವಸ್ತ್ರ ಕೊಟ್ಟರು. ಆಮೇಲೆ ನಗು ನಿಲ್ಲಿಸಿ, ಬಕೆಟ್ ಕೆಳಗಿಟ್ಟು, ವಾಲ್ಟರ್ ಕಥೆ ಹೇಳಿದರು.

ಇಪ್ಪತ್ತು ವರ್ಷದ ಹಿಂದೆ ವಾಲ್ಟರ್ ಒಬ್ಬರೇ ಜೌಗಿನಲ್ಲಿದ್ದಾಗ ಉದ್ದ ಕೆಂಪು ಕಾಲಿನ ಹಕ್ಕಿಯೊಂದನ್ನು ಕಂಡರು. ಆ ಸೀಮೆಯಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಊರಿನ ಹಕ್ಕಿ ಕ್ಲಬ್ಬಿಗೆ ಬರೆದುಕೊಟ್ಟರು. ಕ್ಲಬ್ಬಿನಲ್ಲಿ ಮೂವರ ಸಮಿತಿ. ಯಾವ ಹಕ್ಕಿ ನಿಜ, ಯಾವುದು ಸುಳ್ಳು ಎಂದು ತೀರ್ಮಾನಿಸುವುದು ಅದರ ಕೆಲಸ. ಕಾರ್ಯದರ್ಶಿ ಆಗಲೂ ಈಗಲೂ ಪಕ್ಕದೂರಿನ ಒಬ್ಬ ಹಲ್ಲಿನ ಡಾಕ್ಟರು. ಸಮಿತಿ ವಾಲ್ಟರ್‌ಗೆ ಸುಳ್ಳು ಎಂದು ಹೇಳಲಿಲ್ಲ. ಅಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. "ವರದಿ ಕುತೂಹಲಕರವಾಗಿದೆ" ಎಂದು ಬರೆದರು. ಅವತ್ತಿನಿಂದ ವಾಲ್ಟರ್ ಕ್ಲಬ್ಬಿಗೆ ಹೋದಾಗಲೆಲ್ಲ, ಇವತ್ತು ಏನೇನು ಕುತೂಹಲಕರವಾದದ್ದು ಕಂಡಿರಿ ಎಂದು ಜನ ಕೇಳತೊಡಗಿದರು. ವಾಲ್ಟರ್ ಕ್ಲಬ್ಬಿಗೆ ಹೋಗುವುದು ಬಿಟ್ಟರು.

"ಜೀವನದಲ್ಲಿ ಒಂದು ಗಾಡಿಯ ಸಮಯವನ್ನೂ ತಪ್ಪು ಬರೆದವರಲ್ಲ ನನ್ನ ಗಂಡ," ಎಂದರು ಐರಿಸ್. "ಸಾಯುವುದರೊಳಗೆ ಅವರ ಒಂದು ಹಕ್ಕಿ ಕ್ಲಬ್ಬಿನ ದಾಖಲೆ ಪುಸ್ತಕಕ್ಕೆ ಹೋಗಬೇಕು. ಇನ್ನೊಬ್ಬರು ಪಕ್ಕದಲ್ಲಿದ್ದು ನೋಡಿದ್ದರೆ ಸಾಕು, ಸಮಿತಿ ಒಪ್ಪುತ್ತದೆ. ನೀವು ದಿನವೂ ಅವರ ಜೊತೆ ಹೋಗುತ್ತೀರಾ?"

ಕೈಯಲ್ಲಿ ಕಪ್ಪೆ ಹಿಡಿದುಕೊಂಡೇ ಹೋಗುತ್ತೇನೆ ಎಂದು ಮಾತು ಕೊಟ್ಟೆ. ಆ ಕೆಂಪು ಕಾಲಿನ ಹಕ್ಕಿ ಚಳಿಗಾಲದಲ್ಲಿ ನಮ್ಮ ಬೋರನಕಣಿವೆಯ ಹಿನ್ನೀರಿನಲ್ಲಿ ಹಿಂಡುಗಟ್ಟಲೆ ನಿಂತಿರುತ್ತದೆ, ಅದನ್ನು ನೋಡಿ ಯಾರ ಮಾನವೂ ಹೋದದ್ದಿಲ್ಲ. ಅದನ್ನು ಐರಿಸ್‌ಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಜೌಗು

ನಮ್ಮಲ್ಲಿ ಜೋಳದ ಹೊಲದ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ಕೂತು, ಕವಣೆ ಬೀಸಿ, ತಮಟೆ ಬಡಿದು ಹಕ್ಕಿ ಓಡಿಸುತ್ತೇವೆ. ಅಲ್ಲೂ ಜೌಗಿನ ಅಂಚಿನಲ್ಲಿ ಅಂಥದ್ದೇ ಮರದ ಗೂಡು ಕಟ್ಟಿದ್ದಾರೆ. ಅದರೊಳಗೆ ಕೂತು ಹಕ್ಕಿಗೆ ತಾವಿದ್ದೇವೆಂದು ಗೊತ್ತಾಗದಂತೆ ಉಸಿರು ಬಿಗಿಹಿಡಿಯುತ್ತಾರೆ. ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಸೀನು ಬಂದರೆ ಟೋಪಿಯೊಳಗೆ ಸೀನಬೇಕು. ಶಿವರಾತ್ರಿಯ ಜಾಗರಣೆಯಲ್ಲೂ ನಾನು ಇಷ್ಟು ಭಕ್ತಿಯ ಮೌನ ಕಂಡಿಲ್ಲ.

ಒಳಗೆ ಬರುವವರದ್ದೆಲ್ಲ ಒಂದೇ ಪ್ರಶ್ನೆ, ಪಿಸುಮಾತಿನಲ್ಲಿ: "ಏನಾದರೂ ಇದೆಯೇ?" ಕಣ್ಣ ಮುಂದೆ ನೂರಾರು ಬಾತು, ಕಡಲಕ್ಕಿ ಇದ್ದರೂ ವಾಲ್ಟರ್ "ಏನೂ ಇಲ್ಲ" ಎನ್ನುತ್ತಿದ್ದರು. ದಿನವೂ ಕಾಣುವ ಹಕ್ಕಿ ಅಲ್ಲಿ ಲೆಕ್ಕಕ್ಕಿಲ್ಲ. ಬಂದವರು ನಿಟ್ಟುಸಿರು ಬಿಟ್ಟು, ಫ್ಲಾಸ್ಕ್ ತೆಗೆದು ಟೀ ಕುಡಿದು ಹೋಗುತ್ತಿದ್ದರು.

ಲೇವಡಿ ಎಷ್ಟೇ ಮಾಡಿದರೂ ಕೆಲವನ್ನು ಮರೆಯಲಾರೆ. ತಲೆಯ ಮೇಲೆ ಜುಟ್ಟಿದ್ದ ಎರಡು ನೀರುಹಕ್ಕಿಗಳು ಎದುರುಬದುರು ನಿಂತು, ಬಾಯಲ್ಲಿ ಪಾಚಿ ಕಚ್ಚಿಕೊಂಡು, ಎದೆಗೆ ಎದೆ ತಾಗಿಸಿ ನೀರಿನ ಮೇಲೆ ಎದ್ದು ಕುಣಿದವು. ಜೊಂಡಿನೊಳಗೆ ಅವಿತಿದ್ದ ಹಕ್ಕಿಯೊಂದು ಖಾಲಿ ಗಡಿಗೆಯ ಬಾಯಿಗೆ ಊದಿದಂತೆ ಬುಮ್ಮೆಂದು ಕೂಗುತ್ತಿತ್ತು. ನಾನಿದ್ದಷ್ಟು ದಿನವೂ ಕೂಗಿತು, ಒಂದು ದಿನವೂ ಮುಖ ತೋರಿಸಲಿಲ್ಲ. ಆಚೆಯ, ದನ ಮೇಯುವ ಹುಲ್ಲುಗಾವಲಿನಲ್ಲಿ ಎರಡು ಮೊಲಗಳು ಹಿಂಗಾಲ ಮೇಲೆ ನಿಂತು ಒಂದಕ್ಕೊಂದು ಕಪಾಳಕ್ಕೆ ಹೊಡೆದುಕೊಂಡವು. ಗಂಡುಗಳ ಜಗಳವೇ ಎಂದು ಕೇಳಿದೆ. ಅಲ್ಲ, ಒಂದು ಹೆಣ್ಣು, ಬೇಡ ಎನ್ನುತ್ತಿದೆ ಎಂದರು ವಾಲ್ಟರ್. ನನಗೆ ಅದು ಬಹಳ ಮರ್ಯಾದಸ್ಥ ಪದ್ಧತಿ ಎನಿಸಿತು.

ಎರಡು ವಾರ ಹೀಗೆ ಕೂತೆವು. ದಿನದ ಕೊನೆಗೆ ವಾಲ್ಟರ್ ತಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದು, ನನ್ನ ಕಡೆ ತಿರುಗಿ, "ನಾಳೆ," ಎನ್ನುತ್ತಿದ್ದರು. ಮೊದಲು ನನಗದು ತಮಾಷೆಯಾಗಿತ್ತು. ಬರಬರುತ್ತ ನಾನೂ ಬೆಳಗ್ಗೆ ಎದ್ದಕೂಡಲೇ ಕಿಟಕಿಯಿಂದ ಆಕಾಶ ನೋಡತೊಡಗಿದೆ.

ಪೊದೆ

ಮೂರನೆಯ ವಾರದ ಒಂದು ಬೆಳಗ್ಗೆ. ಚಳಿ, ಮೂರು ಲೋಟ ಟೀ, ಹೊಟ್ಟೆಯ ತೊಂದರೆ. ಊರಿನಿಂದ ಹೊರಡುವಾಗ ನನ್ನ ಹೆಂಡತಿ ಶಿವಮ್ಮ ಚಟ್ನಿಪುಡಿಯ ಜೊತೆ ಒಂದು ಸಣ್ಣ ಹಿತ್ತಾಳೆ ಚೊಂಬನ್ನೂ ಪೆಟ್ಟಿಗೆಗೆ ಹಾಕಿದ್ದಳು. "ಅಲ್ಲೆಲ್ಲ ಕಾಗದವಂತೆ ಕಣ್ರೀ, ಇದು ಇರ್ಲಿ," ಎಂದಿದ್ದಳು. ಆ ಚೊಂಬಿಗೆ ಕಾಲುವೆಯ ನೀರು ತುಂಬಿಕೊಂಡು, ವಾಲ್ಟರ್‌ಗೆ ಈಗ ಬಂದೆ ಎಂದು ಸನ್ನೆ ಮಾಡಿ, ಗೂಡಿನ ಹಿಂದಿನ ದಟ್ಟ ಪೊದೆಗೆ ಹೋದೆ.

ಕೂತು ಎರಡು ನಿಮಿಷವಾಗಿಲ್ಲ, ದಾರಿಯಲ್ಲಿ ಇಬ್ಬರು ವಯಸ್ಸಾದ ಹೆಂಗಸರು ಬಂದರು. ಇಬ್ಬರ ಕೊರಳಲ್ಲೂ ದುರ್ಬೀನು. ನಾನು ಅಲ್ಲಾಡಿದ್ದಕ್ಕೆ ಪೊದೆ ಅಲ್ಲಾಡಿತು. ಒಬ್ಬಾಕೆ ಥಟ್ಟನೆ ನಿಂತು ಇನ್ನೊಬ್ಬಾಕೆಯ ತೋಳು ಹಿಡಿದರು. ಇಬ್ಬರೂ ದುರ್ಬೀನು ಎತ್ತಿ ನನ್ನ ಪೊದೆಗೆ ಗುರಿಯಿಟ್ಟರು.

ನನ್ನ ಬಾಳಿನ ಅತಿ ಉದ್ದದ ಅರ್ಧ ಗಂಟೆ ಅದು. ನಾನು ಉಸಿರಾಡಿದರೆ ಎಲೆ ಅಲುಗುತ್ತಿತ್ತು, ಎಲೆ ಅಲುಗಿದರೆ ಅವರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು. ಚೊಂಬು ಹೊಳೆಯದಂತೆ ಶಾಲಿನೊಳಗೆ ಮುಚ್ಚಿಕೊಂಡೆ. ದೊಡ್ಡದಿರಬೇಕು ಎಂದು ಒಬ್ಬಾಕೆ ಪಿಸುಗುಟ್ಟಿದ್ದು ಕೇಳಿಸಿತು. ಕೊನೆಗೆ ಮಳೆ ಜೋರಾಗಿ, ಅವರು ನಿರಾಸೆಯಿಂದ ತಮ್ಮ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡು ಹೋದರು. ಏನು ಬರೆದುಕೊಂಡರೋ ಗೊತ್ತಿಲ್ಲ.

ನಾನು ಗೂಡಿಗೆ ವಾಪಸ್ಸು ಬಂದಾಗ ವಾಲ್ಟರ್ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರಿತ್ತು.

"ಬೆಳ್ಳಕ್ಕಿ," ಎಂದರು. ಅವರು ಅಂದದ್ದು ಇಂಗ್ಲಿಷ್ ಹೆಸರು. ದನಗಳ ಹಿಂದೆ ಓಡಾಡುತ್ತದಲ್ಲ, ಅದು. "ಇಪ್ಪತ್ತು ನಿಮಿಷ ಇಲ್ಲೇ ಇತ್ತು. ನೀವು ಹೋದ ಕಡೆಗೇ ಹಾರಿತು, ನಿಮ್ಮ ತಲೆಯ ಮೇಲೇ. ನೋಡಿದಿರಲ್ಲ?"

ಆ ಇಪ್ಪತ್ತು ನಿಮಿಷ ನಾನು ಎಲ್ಲಿ, ಯಾವ ಸ್ಥಿತಿಯಲ್ಲಿದ್ದೆ ಎಂದು ಅವರಿಗೆ ವಿವರಿಸುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಆ ಮುಖ ನೋಡಿ ಇಲ್ಲ ಎನ್ನಲು ನಾಲಗೆ ಏಳಲಿಲ್ಲ.

"ಹೂಂ," ಎಂದೆ.

ವಾಲ್ಟರ್ ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಇನ್ನೂ ಕೈ ತೊಳೆದಿರಲಿಲ್ಲ.

ಎರಡು ಕೋಣೆ

ಸಮಿತಿಯ ನಿಯಮದ ಪ್ರಕಾರ ಇಬ್ಬರು ಸಾಕ್ಷಿಗಳೂ ಬೇರೆಬೇರೆಯಾಗಿ, ಒಬ್ಬರ ಜೊತೆ ಒಬ್ಬರು ಮಾತಾಡದೆ, ಫಾರಂ ತುಂಬಬೇಕು. ಬೇರೆ ಯಾರಾದರೂ ಆಗಿದ್ದರೆ ಟೀ ಕುಡಿಯುತ್ತ ಒಟ್ಟಿಗೆ ತುಂಬುತ್ತಿದ್ದರೇನೋ. ವಾಲ್ಟರ್ ಸಿಗ್ನಲ್‌ಮನ್. ದಾರಿಯುದ್ದಕ್ಕೂ ಹಕ್ಕಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ತಾವು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನನಗೆ ಸಾಕ್ಷಿ ಹೇಳುವುದು ಹೊಸದಲ್ಲ. ಚನ್ನಬಸಣ್ಣನ ತೋಟದ ಬದುವಿನ ವ್ಯಾಜ್ಯದಲ್ಲಿ, ಬದುವಿನ ಮೇಲಿನ ತೆಂಗಿನ ಸಸಿಯನ್ನು ಅವನಪ್ಪ ನೆಟ್ಟಿದ್ದನ್ನು ಕಣ್ಣಾರೆ ಕಂಡೆ ಎಂದು ಹತ್ತು ಜನರ ಮುಂದೆ ಹೇಳಿದವನು ನಾನು. ಸಸಿ ನೆಟ್ಟಾಗ ನಾನು ತೊಟ್ಟಿಲಲ್ಲಿದ್ದೆ. ಆದರೆ ಮರ ಅವರದ್ದೇ ಎಂಬುದು ನಿಜ, ಊರಿಗೆಲ್ಲ ಗೊತ್ತು. ನಿಜದ ಪರವಾಗಿ ಆಡುವಾಗ ಕಂಡೆನೋ ಇಲ್ಲವೋ ಎಂಬುದನ್ನು ನಮ್ಮ ಕಡೆ ಯಾರೂ ಅಷ್ಟು ಕೆದಕುವುದಿಲ್ಲ. ಯಾರ ಮನೆಯಲ್ಲಿ ಉಣ್ಣುತ್ತೇವೋ ಅವರ ಪರ ನಿಲ್ಲುವುದು ರೂಢಿ. ಮೂರು ವಾರ ಐರಿಸ್ ನನಗಾಗಿ ಮೊಟ್ಟೆ ಸೋಂಕದ ಬಾಣಲೆ ಬೇರೆ ಇಟ್ಟಿದ್ದರು.

ಅದೂ ಅಲ್ಲದೆ ಇದು ಬೆಳ್ಳಕ್ಕಿ. ನನ್ನ ಎಮ್ಮೆಯ ಜೊತೆ ದಿನವೂ ತೋಟಕ್ಕೆ ಬರುವ ಹಕ್ಕಿ. ಚಿಕ್ಕವರಿದ್ದಾಗ ಅವು ತಲೆಯ ಮೇಲೆ ಹಾರಿದರೆ ಉಗುರಿಗೆ ಉಗುರು ಉಜ್ಜಿ, ನಮ್ಮ ಉಗುರಿನ ಮೇಲೂ ಬಿಳಿ ಚುಕ್ಕೆ ಇಟ್ಟು ಹೋಗು ಎಂದು ಕೂಗುತ್ತಿದ್ದೆವು. ಈ ಹಕ್ಕಿಯ ಬಗ್ಗೆ ಬರೆಯಲು ಅದನ್ನು ಇಂಗ್ಲೆಂಡಿನಲ್ಲಿ ಬೇರೆ ನೋಡಬೇಕೇ? ಧೈರ್ಯವಾಗಿ ಪೆನ್ನು ತೆಗೆದೆ.

ತಲೆ ಮತ್ತು ಎದೆ: ಅಚ್ಚ ಕೇಸರಿ. ಕೊಕ್ಕು: ಕೆಂಪು ಬೆರೆತ ಹಳದಿ. ಕಾಲು: ಕೆಂಪು. ಎಲ್ಲಿತ್ತು: ಹಸುವಿನ ಬೆನ್ನಿನ ಮೇಲೆ. ಏನು ಮಾಡುತ್ತಿತ್ತು: ಉಣ್ಣಿ ಹೆಕ್ಕುತ್ತಿತ್ತು, ಹಸು ಕಿವಿ ಬಡಿದಾಗ ಹಾರಿ ಮತ್ತೆ ಅಲ್ಲೇ ಕೂತಿತು. ಈ ಹಕ್ಕಿಯ ಹಿಂದಿನ ಅನುಭವ: ಐವತ್ತು ವರ್ಷ, ದಿನವೂ.

ಯಾವ ಕಾಲಮ್ಮನ್ನೂ ಖಾಲಿ ಬಿಡಲಿಲ್ಲ. ಅಂಟಿಸಿದ ಲಕೋಟೆಯನ್ನು ಕೊಟ್ಟಾಗ ವಾಲ್ಟರ್ ನನಗೆ ಸಲಾಂ ಹೊಡೆದರು. ಅವತ್ತು ಐರಿಸ್ ಕೇಕು ಮಾಡಿದರು. ಅದರಲ್ಲಿ ಮೊಟ್ಟೆ ಇತ್ತು, ಹಾಗಾಗಿ ನಾನು ಬ್ರೆಡ್ಡಿನ ಮೇಲೆ ಚಟ್ನಿಪುಡಿ ಹಾಕಿಕೊಂಡು ತಿಂದೆ.

ಕೊನೆಯ ವಾರ

ಕ್ಲಬ್ಬಿನ ಪತ್ರ ಬಂದಾಗ ನಾವು ಮೂವರೂ ಬೆಳಗಿನ ತಿಂಡಿಗೆ ಕೂತಿದ್ದೆವು. ವಾಲ್ಟರ್ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಮೊದಲನೆಯವರು ಕಂಡ ಹಕ್ಕಿಯ ತಲೆ ಬಿಳಿ, ಕೊಕ್ಕು ಹಳದಿ, ಕಾಲು ಕಪ್ಪು; ಅದು ನೆಲದ ಮೇಲೆ, ದನಗಳ ಕಾಲ ಬಳಿ ನಡೆಯುತ್ತಿತ್ತು. ಎರಡನೆಯವರು ಕಂಡ ಹಕ್ಕಿಯ ತಲೆ ಕೇಸರಿ, ಕಾಲು ಕೆಂಪು. ಅದು ಹಸುವಿನ ಮೇಲೆ ಕೂತಿತ್ತು. ಇಷ್ಟು ಅಪರೂಪದ ಎರಡು ಹಕ್ಕಿಗಳು ಒಂದೇ ಹೊತ್ತಿಗೆ ಒಂದೇ ಹುಲ್ಲುಗಾವಲಿನಲ್ಲಿದ್ದವೆಂದು ಸಮಿತಿ ಭಾವಿಸಲಾರದು. ವರದಿ ಕುತೂಹಲಕರವಾಗಿದೆ."

ಕೊನೆಯ ಪದ ಓದುವಾಗ ಅವರ ದನಿ ಬದಲಾಗಲಿಲ್ಲ. ಪತ್ರವನ್ನು ಮಡಿಸಿ ಟೀ ಪಾತ್ರೆಯ ಪಕ್ಕ ಇಟ್ಟರು.

"ನಿಮ್ಮೂರಿನಲ್ಲಿ ಅವುಗಳ ತಲೆ ಕೇಸರಿಯೇ, ಮಿಸ್ಟರ್ ಮಹಾ?"

"ಹೌದು. ಈ ಕಾಲದಲ್ಲಿ ಹಾಗೇ ಇರುತ್ತವೆ."

"ನೋಡಲು ಚೆನ್ನಾಗಿರಬೇಕು." ಕನ್ನಡಕ ತೆಗೆದಿಟ್ಟು ಕೇಳಿದರು, "ಅವತ್ತು ನೀವು ಎಲ್ಲಿದ್ದಿರಿ?"

ಹೇಳಿದೆ. ಚೊಂಬು, ಪೊದೆ, ಇಬ್ಬರು ಹೆಂಗಸರು, ಎಲ್ಲ ಹೇಳಿದೆ. ಐರಿಸ್ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ವಾಲ್ಟರ್ ಕೂಡ ನಕ್ಕರು. ನಗು ಮುಗಿದ ಮೇಲೆ ಪತ್ರವನ್ನು ಎತ್ತಿ ನೋಟ್‌ಬುಕ್ಕಿನೊಳಗೆ ಇಟ್ಟರು.

"ನೋಡಲಿಲ್ಲ ಎಂದಿದ್ದರೆ ನಾನೊಬ್ಬನೇ ಕಳಿಸುತ್ತಿದ್ದೆ," ಎಂದರು. "ಒಬ್ಬನ ಮಾತನ್ನು ಅವರು ಒಪ್ಪದಿರಬಹುದು. ಆದರೆ ಈಗೀಗ ಪಕ್ಕಕ್ಕಿಟ್ಟು ಕಾಯುತ್ತಾರೆ. ಮುಂದೆ ಆ ಹಕ್ಕಿ ಮತ್ತೆ ಯಾರಿಗಾದರೂ ಕಂಡರೆ ನನ್ನದನ್ನೂ ತೆಗೆದು ಸೇರಿಸುತ್ತಾರೆ. ಈಗ ಅದು ಸುಳ್ಳಿನ ಫೈಲಿಗೆ ಹೋಯಿತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಪಾತ್ರೆ ಹಾರಾಡಿ, ಸಂಜೆಗೆ ಸರಿಹೋಗುತ್ತಿತ್ತು. ವಾಲ್ಟರ್ ನನ್ನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟರು.

ಮಾಡಿದ್ದನ್ನು ಸರಿಪಡಿಸಬೇಕೆಂದು ಅವತ್ತೇ ಯಾರಿಗೂ ಹೇಳದೆ ಬಸ್ಸು ಹತ್ತಿ ಪಕ್ಕದೂರಿನ ಕಾರ್ಯದರ್ಶಿಯ ದವಾಖಾನೆಗೆ ಹೋದೆ. ಹಲ್ಲು ಕೀಳಿಸುವವರ ಸಾಲಿನಲ್ಲಿ ಒಂದು ಗಂಟೆ ಕಾದೆ. ಒಳಗೆ ಕರೆದವನು ಅಭ್ಯಾಸಬಲದಿಂದ ನನ್ನನ್ನು ಕುರ್ಚಿಯಲ್ಲಿ ಮಲಗಿಸಿ ಬಾಯಿ ತೆರೆಯಲು ಹೇಳಿದ. ತೆರೆದ ಬಾಯಲ್ಲೇ ನಿಜ ಹೇಳಿದೆ: ನಾನು ಹಕ್ಕಿ ನೋಡಲಿಲ್ಲ, ವಾಲ್ಟರ್ ನೋಡಿದ್ದಾರೆ, ಅವರು ಬರೆದಿದ್ದೇ ಸರಿ.

ಅವನು ಬಹಳ ವಿನಯದಿಂದ ಕೇಳಿಸಿಕೊಂಡ. "ನೋಡಿದೆ ಎಂದು ರುಜು ಹಾಕಿದವರೂ ನೀವೇ, ನೋಡಲಿಲ್ಲ ಎನ್ನುವವರೂ ನೀವೇ. ಎರಡರಲ್ಲಿ ಯಾವುದನ್ನು ಫೈಲ್ ಮಾಡಲಿ? ಅದೂ ವಾಲ್ಟರ್ ಮನೆಯಲ್ಲಿ ಉಳಿದುಕೊಂಡಿರುವವರು ನೀವು."

ಉಂಡ ಮನೆಯ ಪರ ನಿಲ್ಲುವುದು ಅವನಿಗೂ ಗೊತ್ತಿತ್ತು. ನಮ್ಮಲ್ಲಿ ಅದರಿಂದ ಸಾಕ್ಷಿಗೆ ತೂಕ ಬರುತ್ತದೆ, ಅವನ ಲೆಕ್ಕದಲ್ಲಿ ಅದರಿಂದಲೇ ಸಾಕ್ಷಿ ಕೆಡುತ್ತದೆ. ಎದ್ದು ಬರುವಾಗ, ಕೆಳಗಿನ ದವಡೆಯಲ್ಲಿ ಒಂದು ಹಲ್ಲು ಹುಳುಕಾಗಿದೆ, ತೋರಿಸಿಕೊಳ್ಳಿ ಎಂದ. ಅದೊಂದು ನಿಜವಾಗಿತ್ತು.

ಹೊರಡುವ ದಿನ ವಾಲ್ಟರ್ ರೈಲ್ವೆ ಸ್ಟೇಷನ್ನಿಗೆ ಬಂದರು. ಗಾಡಿ ನಾಲ್ಕು ನಿಮಿಷ ತಡವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಅದರೊಳಗಿಂದ ಖಾಲಿ ಫಾರಮ್ಮೊಂದನ್ನು ತೆಗೆದು ನನ್ನ ಕೈಗಿತ್ತು, "ನಿಮ್ಮ ಹಕ್ಕಿಗಳಿಗೆ ಇರಲಿ," ಎಂದರು. ಹಂಗಿಸಿದರೋ ಪ್ರೀತಿಯಿಂದ ಕೊಟ್ಟರೋ ಎಂದು ಲಂಡನ್ನಿನವರೆಗೂ ಯೋಚಿಸಿದೆ.

ಎಮ್ಮೆಯ ಹಿಂದೆ

ಊರಿಗೆ ಬಂದು ಮಂಡಿಯಲ್ಲಿ ಕೂತು ಎಲ್ಲ ಹೇಳಿದೆ. ಕಪ್ಪೆ ದಾಟಿಸುವುದನ್ನು ನಂಬಿದರು. ಮೊಲದ ಕಪಾಳಮೋಕ್ಷವನ್ನೂ ನಂಬಿದರು. ಬೆಳ್ಳಕ್ಕಿಯನ್ನು ನಂಬಲಿಲ್ಲ.

"ಬೆಳ್ಳಕ್ಕಿ ಕಾಣ್ದೆ ಮುದುಕಪ್ಪ ಕಣ್ಣೀರು ಹಾಕ್ದ ಅಂತೀಯಲ್ಲ, ಬುಡಪ್ಪ," ಅಂದ ಚನ್ನಬಸಣ್ಣ.

"ಕಂಡು ಹಾಕ್ದ ಕಣ್ಲಾ."

"ಎಂಗಾರ ಆಗ್ಲಿ. ಸಾಕ್ಷಿ ಬೇಕಿತ್ತು ಅಂದ್ರೆ ಒಂದ್ ಕಾಗ್ದ ಹಾಕಿದ್ರೆ ಇಡೀ ಮಂಡಿನೇ ರುಜು ಹಾಕಿ ಕಳಿಸ್ತಿದ್ವಿ. ನೀನೊಬ್ನೇ ಹೋಗಿ ಕೆಡಿಸ್ದೆ."

ಮರುವರ್ಷ ಯುಗಾದಿ ಕಳೆದು ಒಂದು ತಿಂಗಳಿಗೆ ವಾಲ್ಟರ್ ಪತ್ರ ಬಂತು. ಒಳಗೆ ಕ್ಲಬ್ಬಿನ ಪತ್ರಿಕೆಯಿಂದ ಕತ್ತರಿಸಿದ ಫೋಟೋ. ಅದೇ ಜೌಗು, ಅದೇ ಹುಲ್ಲುಗಾವಲು. ದನಗಳ ಕಾಲ ಬಳಿ, ನೆಲದ ಮೇಲೆ, ಒಂದು ಬೆಳ್ಳಕ್ಕಿ. ತಲೆ ಬಿಳಿ, ಕೊಕ್ಕು ಹಳದಿ, ಕಾಲು ಕಪ್ಪು. ಕೆಳಗೆ, ಈ ಸೀಮೆಯಲ್ಲಿ ಮೊಟ್ಟಮೊದಲ ಬಾರಿಗೆ ಕಂಡವರು ಎಂದು ಕಾರ್ಯದರ್ಶಿಯ ಹೆಸರಿತ್ತು. ವಾಲ್ಟರ್ ಬರೆದದ್ದು ಎರಡೇ ಸಾಲು: ಐರಿಸ್ ಕ್ಷೇಮ, ಈ ಸಲ ಕಪ್ಪೆಗಳು ತಡವಾಗಿ ಹೊರಟವು. ಹಕ್ಕಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಆ ಕಾಗದ ಹಿಡಿದುಕೊಂಡು ತೋಟಕ್ಕೆ ಹೋದೆ. ಎಮ್ಮೆಗಳು ಕಾಲುವೆಯ ಪಕ್ಕ ಮೇಯುತ್ತಿದ್ದವು, ಸುತ್ತ ಏಳು ಬೆಳ್ಳಕ್ಕಿಗಳಿದ್ದವು. ಬದುವಿನ ಮೇಲೆ ಕೂತು, ವಾಲ್ಟರ್ ಕಲಿಸಿದಂತೆ ಉಸಿರು ಹಿಡಿದು ನೋಡಿದೆ. ನಾಲ್ಕರ ತಲೆ ಕೇಸರಿ. ಮೂರರ ತಲೆ ಶುದ್ಧ ಬಿಳಿ. ಒಂದೂ ಎಮ್ಮೆಯ ಬೆನ್ನ ಮೇಲಿರಲಿಲ್ಲ. ಎಲ್ಲವೂ ಕಾಲ ಬಳಿ ನಡೆಯುತ್ತ, ಹುಲ್ಲಿನಿಂದ ಎದ್ದ ಮಿಡತೆ ಹಿಡಿಯುತ್ತಿದ್ದವು. ಐವತ್ತು ವರ್ಷ, ದಿನವೂ ಎಂದು ಬರೆದುಕೊಟ್ಟಿದ್ದೆ. ಬಿಳಿ ತಲೆಯವೂ ಇವೆ ಎಂದು ನಾನು ಕಂಡದ್ದು ಅವತ್ತೇ.

ಮನೆಯಿಂದ ಆ ಖಾಲಿ ಫಾರಂ ತಂದೆ. ಒಂದೊಂದೇ ಹಕ್ಕಿಯನ್ನು ನೋಡಿ, ನೋಡಿದ್ದನ್ನು ಮಾತ್ರ ಬರೆದೆ. ಕಾಣದ ಕಾಲಮ್ಮುಗಳನ್ನು ಖಾಲಿ ಬಿಟ್ಟೆ. ವಾಲ್ಟರ್‌ಗೆ ಕಳಿಸಬೇಕೆಂದು ಮನಸ್ಸಿನಲ್ಲಿತ್ತು. ಇದರಿಂದ ಅವರ ಹಕ್ಕಿ ಪುಸ್ತಕಕ್ಕೆ ಹೋಗುವುದಿಲ್ಲ ಎಂದು ಗೊತ್ತು. ಆದರೂ ನಾನು ನೋಡಿ ಬರೆದ ಒಂದು ಫಾರಂ ಅವರ ಕೈಗೆ ಸೇರಲಿ ಎನಿಸಿತು. ಕೊನೆಯಲ್ಲಿ ಎರಡನೆಯ ಸಾಕ್ಷಿಯ ಜಾಗವಿತ್ತು.

ಶಿವಮ್ಮ ಆಚೆ ಮರದ ಕೆಳಗೆ ನನಗೆ ಬೆನ್ನು ಮಾಡಿ ಬಿದ್ದ ಗರಿಗಳನ್ನು ಹೊರೆ ಕಟ್ಟುತ್ತಿದ್ದಳು.

"ಲೇ ಇವಳೇ, ಎಮ್ಮೆ ಹತ್ರ ಇರೋ ಹಕ್ಕಿಗಳ್ನ ನೋಡಿದ್ಯಾ? ಅದ್ರಲ್ಲಿ ಎಷ್ಟ್ರ ತಲೆ ಬಿಳಿ, ಹೇಳು," ಎಂದು ಕೂಗಿದೆ.

ಅವಳು ತಲೆಯೆತ್ತಲಿಲ್ಲ. ಹೊರೆಯ ಹಗ್ಗ ಬಿಗಿಯುತ್ತಲೇ, "ನೀವು ಎಷ್ಟು ಅಂತೀರೋ ಅಷ್ಟೇ ಕಣ್ರೀ," ಅಂದಳು. "ಎಲ್ಲಿ ರುಜು ಹಾಕ್ಬೇಕು, ತನ್ನಿ."